ದಾಸವಾಳಕ್ಕೆ ಮಧ್ಯಾಹ್ನದ ಅಭಿಷೇಕ

ನಂಜನಗೂಡಿನಲ್ಲಿ ಶ್ರೀಕಂಠೇಶ್ವರನ ಅಭಿಷೇಕಕ್ಕಾದರೂ ಒಂದು ಹೊತ್ತುಗೊತ್ತು ಉಂಟು. ನಮ್ಮ ಭಾವಮೈದ ಹೂವಿಗೆ ಮಾಡುವ ಅಭಿಷೇಕಕ್ಕೆ ಅದೂ ಇಲ್ಲ. ಮೊಬೈಲಿಗೆ ಮ್ಯಾಕ್ರೋ ಲೆನ್ಸ್ ಸಿಕ್ಕಿಸಿಕೊಂಡಾಗಿನಿಂದ ಅವನಕ್ಕ ಇಸ್ತ್ರಿಗೆ ಇಟ್ಟುಕೊಂಡಿದ್ದ ಸ್ಪ್ರೇ ಬಾಟಲಿ ಹಿತ್ತಲ ಪಾಲಾಗಿದೆ. "ಇಬ್ಬನಿ ನೋಡಿ ಭಾವ!" ಅಂತಾನೆ. ನಡು ಮಧ್ಯಾಹ್ನ ಇಬ್ಬನಿ! ನೆತ್ತಿ ಸುಡುವ ಆ ಬಿಸಿಲಲ್ಲಿ ಹನಿಗಳೆಲ್ಲ ಬೆಳ್ಳಗೆ ಹೊಳೆದು, ಫೋಟೋದಲ್ಲಿ ದಾಸವಾಳಕ್ಕೆ ಸಿಡುಬು ಎದ್ದಂತಿತ್ತು.

ಈ ವಿದ್ಯೆಗೆ ಗುಡಿಯ ಮುಂದೆ ಕೂರುವ ಹೂವಾಡಗಿತ್ತಿಯರೇ ಗುರುಗಳು. ಬೆರಳ ತುದಿ ಅದ್ದಿ ಚಿಮುಕಿಸಿದರೆ ನಿನ್ನೆಯ ಸೇವಂತಿಗೆ ಇವತ್ತಿನದಾಗುತ್ತದೆ. ತೋಯಿಸಬಾರದು, ಚಿಮುಕಿಸಬೇಕು. ಎಸಳು ತೊಯ್ದರೆ ಹನಿಗಳು ಒಂದಕ್ಕೊಂದು ಕೂಡಿ ಹರಿದುಹೋಗುತ್ತವೆ. ಬಿಡಿಬಿಡಿಯಾಗಿ ಬಿದ್ದರೆ ಮೇಲ್ಮೈ ಸೆಳೆತದಿಂದ ದುಂಡಗೆ ನಿಲ್ಲುತ್ತವೆ. ಅಡ್ಡದಾರಿ ಬಲ್ಲವರು ನೀರಿಗೆ ಒಂದಿಷ್ಟು ಗ್ಲಿಸರಿನ್ ಬೆರೆಸುತ್ತಾರೆ. ಹನಿ ಬೇಗ ಆರುವುದಿಲ್ಲ. ಆ ಹೂವನ್ನು ಮಾತ್ರ ದೇವರಿಗೆ ಏರಿಸಬೇಡಿ.

ಹನಿಯೆಂದರೆ ಪುಟ್ಟ ಪೀನ ಮಸೂರ. ಸ್ವಲ್ಪ ಹಿಂದೆ ಇನ್ನೊಂದು ಹೂ ಇಟ್ಟರೆ ಹನಿಯೊಳಗೆ ಅದು ತಲೆಕೆಳಗಾಗಿ ಮೂಡುತ್ತದೆ. ಫೋಕಸ್ ಆ ಬಿಂಬದ ಮೇಲಿರಬೇಕು, ಹನಿಯ ಅಂಚಿನ ಮೇಲಲ್ಲ. ಕ್ಯಾಮೆರಾ ಆದರೆ ಟ್ರೈಪಾಡ್ ಹೂಡಿ ಅಪರ್ಚರನ್ನು ಎಫ್/11ರ ಆಸುಪಾಸಿಗೆ ಇಟ್ಟುಕೊಳ್ಳಿ. ಆಗಲೂ ಸ್ಪಷ್ಟವಾಗಿ ಸಿಗುವ ಆಳ ಕೆಲವೇ ಮಿಲಿಮೀಟರ್. ಕಪಿಲಾ ನದಿಯ ಕಡೆಯಿಂದ ಗಾಳಿ ಎದ್ದಿತೋ, ಕಥೆ ಮುಗಿಯಿತು.

ನೀರಿಗಿಂತ ದೊಡ್ಡ ಕೆಲಸ ಬೆಳಕಿನದು. ಬೆಳಗಿನ ಓರೆ ಬಿಸಿಲು ಹೂವಿನ ಬೆನ್ನಿಗೆ ಬಿದ್ದರೆ ಎಸಳಿನ ನರವೆಲ್ಲ ಎದ್ದು ಕಾಣುತ್ತದೆ. ಮುಂದಿನ ನೆರಳು ತಿಳಿಯಾಗಲು ಒಂದು ತುಂಡು ಬಿಳಿ ಥರ್ಮಾಕೋಲ್ ಸಾಕು. ಬಿಸಿಲು ಬಲಿತ ಮೇಲೆ ಅಡ್ಡಲಾಗಿ ಬಿಳಿ ಪಂಚೆ ಹಿಡಿಯಬೇಕು. ಹಿಡಿಯುವವರು ಯಾರು? ಭಾವ ಎಂಬ ಪ್ರಾಣಿ ಇರುವುದು ಮತ್ತೇಕೆ!

ಒಂದು ಮುಂಜಾನೆ ಅವನನ್ನು ತಿ. ನರಸೀಪುರದ ಸಂಗಮಕ್ಕೆ ಎಳೆದುಕೊಂಡು ಹೋದೆ. ದಾರಿಯ ಗದ್ದೆಯಲ್ಲಿ ಭತ್ತದ ಪೈರಿನ ತುದಿತುದಿಗೂ ಒಂದೊಂದು ಹನಿ. "ಇದಾದ್ರೂ ಇಬ್ಬನಿ ತಾನೇ?" ಅಂದ. ಅದೂ ಅಲ್ಲ! ಇರುಳೆಲ್ಲ ಬೇರು ಮೇಲಕ್ಕೊತ್ತಿದ ನೀರನ್ನು ಪೈರೇ ಎಲೆಯ ತುದಿಯಿಂದ ಹೊರಗೆ ಬಿಟ್ಟದ್ದು. ಅಲ್ಲೇ ಸಂಗಮದ ಬಳಿ, ತಿರುಮಕೂಡಲಿನ ಅಗಸ್ತ್ಯೇಶ್ವರನ ಲಿಂಗದ ನೆತ್ತಿಯಲ್ಲೂ ನೀರು ತಾನಾಗಿ ಜಿನುಗುತ್ತದೆಂದು ಜನರ ನಂಬಿಕೆ.

"ನೋಡಯ್ಯಾ, ಹೊತ್ತಿಗೆ ಮುಂಚೆ ಎದ್ದರೆ ಹನಿಯೂ ಪುಕ್ಕಟೆ, ಬೆಳಕೂ ಪುಕ್ಕಟೆ" ಎಂದೆ.

ಆಕಳಿಸುತ್ತಲೇ ಅಂದ: "ಇಷ್ಟು ಹೊತ್ತಿಗೆ ಏಳೋದಕ್ಕಿಂತ ಗ್ಲಿಸರಿನ್ನೇ ಅಗ್ಗ ಬಿಡಿ ಭಾವ."