ಚಹಾಪ್ರಧಾನ ಭೂಭಾಗದಲ್ಲಿ ಕಾಫಿಯ ಅನುಪಸ್ಥಿತಿ: ಒಂದು ಬಹುಶಿಸ್ತೀಯ ಅನುಸಂಧಾನ

1. ಪ್ರಸ್ತಾವನೆ

ಕಾಫಿಯ ಜಾಗತಿಕ ಕಥನವು ಇಥಿಯೋಪಿಯಾದಲ್ಲಿ ಮೊಳೆತು, ಯೆಮನ್ನಿನ ಸೂಫಿಗಳ ಜಾಗರಣೆಯಲ್ಲಿ ಕುದಿದು, 1652ರಲ್ಲಿ ಲಂಡನ್ನಿನಲ್ಲಿ ಅಂಗಡಿ ತೆರೆಯಿತು. ಇತ್ತ ಬಾಬಾ ಬುಡನ್ ಮೋಖಾದಿಂದ ಏಳು ಬೀಜ ತಂದು ಚಂದ್ರಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿ. ಇಂದು ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದೇ. ಪ್ರಸ್ತುತ ಸಂಶೋಧಕನನ್ನು ಕಾಡಿದ ಮೂಲಭೂತ ಪ್ರಮೇಯವೆಂದರೆ: ಸಮುದ್ರ ದಾಟಿದ ಬೀಜಕ್ಕೆ ಮಲಪ್ರಭೆಯ ದಂಡೆ ಹತ್ತಲು ಏನು ಧಾಡಿ?

2. ಸೈದ್ಧಾಂತಿಕ ಚೌಕಟ್ಟು

1824ರ ಅಕ್ಟೋಬರಿನಲ್ಲಿ ಬ್ರಿಟಿಷ್ ಕಲೆಕ್ಟರ್ ಥ್ಯಾಕರೆ ಕಿತ್ತೂರಿಗೆ ತೋಪು ತಂದ, ಕಾಫಿ ತರಲಿಲ್ಲ. ಇದನ್ನು 'ಅನುಪಸ್ಥಿತಿಯ ಉಪಸ್ಥಿತಿ' ಎಂದು ಗ್ರಹಿಸತಕ್ಕದ್ದು. ತಂದಿದ್ದರೆ ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆ ಬೀಳುತ್ತಿದ್ದಳೇ ಎಂಬುದು ಮುಂದಿನ ಸೆಮಿನಾರಿನ ವಿಷಯ. ಪ್ರಯಾಣಭತ್ಯೆ ಮಂಜೂರಾಗಿದೆ.

ನಿಜ ಹೇಳಬೇಕೆಂದರೆ, ಬೈಲಹೊಂಗಲ, ಕಿತ್ತೂರು, ಸವದತ್ತಿ ಮುಂಬಯಿ ಪ್ರಾಂತದಲ್ಲಿದ್ದವು. ರಾಮದುರ್ಗ ಸಂಸ್ಥಾನವೂ 1948ರಲ್ಲಿ ಅಲ್ಲಿಗೇ ಸೇರಿತು. ಮುಂಬಯಿ ಕಡೆಯ ಚಹಾ ಬಂದು ಕೂತಿತು. ಒಂದು ಸಾಲಿನ ಮಾತು. ಆದರೆ ಒಂದು ಸಾಲಿಗೆ ಯಾರೂ ಡಾಕ್ಟರೇಟ್ ಕೊಡುವುದಿಲ್ಲ.

3. ವರ್ಗೀಕರಣ

ಚಹಾ ಹನ್ನೆರಡು ವಿಧ.

ಅ) ಅರ್ಧ ಚಾ: ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರ್ ಹಾರ್ನ್ ಹೊಡೆದಾಗ ಗಂಟಲಿಗಿಳಿಯುವಂಥದು. ಕಾಲಾಭಾವಪ್ರೇರಿತ ದ್ರವಸೇವನೆ.

ಆ) ಬಸಿ ಚಾ: ಕಪ್ಪಿನಿಂದ ಬಸಿಗಿಳಿದು, 'ಸೊರ್' ಎಂದು ಮೇಲೇರುವಂಥದು. ಉಷ್ಣದ ವಿಕೇಂದ್ರೀಕರಣ.

ಇ) ಒತ್ತಾಯದ ಚಾ: "ಈಗ ಕುಡದ ಬಂದೇನ್ರಿ" ಎಂದರೆ "ಅದೆಲ್ಲಾ ನಡ್ಯಾಂಗಿಲ್ರಿ, ಅರ್ಧಾರ ಕುಡೀರಿ" ಎಂದು ಬರುವಂಥದು. ವ್ಯಕ್ತಿಸ್ವಾತಂತ್ರ್ಯದ ಸಾಮುದಾಯಿಕ ನಿರಾಕರಣ.

ಈ) ಜಾತ್ರೆ ಚಾ: ಹಾಲು, ಸಕ್ಕರೆ ಮತ್ತು ಎಲ್ಲಮ್ಮನ ಗುಡ್ಡದ ಭಂಡಾರ ಸಮಪ್ರಮಾಣದಲ್ಲಿ.

ಉ) ರಾಮದುರ್ಗದ ಚಾ: ಮೇಲಿನವೇ. ಉಳಿದ ಏಳನ್ನು ಓದುಗರು ಊಹಿಸಿಕೊಳ್ಳಲಿ.

4. ಸಾರ್ವಜನಿಕ ವಲಯ

ಜರ್ಮನ್ ಚಿಂತಕ ಹೇಬರ್ಮಾಸರ ಪ್ರಕಾರ ಲಂಡನ್ನಿನ ಕಾಫಿಮನೆ 'ಸಾರ್ವಜನಿಕ ವಲಯ'ದ ತೊಟ್ಟಿಲು. ಒಂದು ಪೆನ್ನಿ ಕೊಟ್ಟವನು ಯಾರ ಪಕ್ಕದಲ್ಲಾದರೂ ಕೂತು ವಾದಿಸಬಹುದಿತ್ತು. ಹೆಂಗಸರ ಮಾತು ಬೇರೆ. ಹೇಬರ್ಮಾಸರನ್ನು ಉಲ್ಲೇಖಿಸದ ಸೆಮಿನಾರಿಲ್ಲ. ಉಲ್ಲೇಖ ಮುಗಿದ ಮೇಲೆ ಚಹಾ, ಬಿಸ್ಕೀಟು.

ನಮ್ಮ ಹಳ್ಳಿಗಳ ಚಾದಂಗಡಿಯಲ್ಲೂ ಬೆಂಚಿದೆ. ದುಡ್ಡು ಕೊಟ್ಟರೂ ಅದರ ಮೇಲೆ ಕೂರುವಂತಿರಲಿಲ್ಲ, ಎಷ್ಟೋ ಊರುಗಳ ದಲಿತರು. ಅವರಿಗೆ ಬೇರೆ ಗ್ಲಾಸು. ಹೊರಗೆ ಕುಕ್ಕರುಗಾಲಲ್ಲಿ ಕೂತು ಕುಡಿದು, ತಾವೇ ತೊಳೆದು, ಸೂರಿಗೆ ಸಿಕ್ಕಿಸಿ ಹೋಗಬೇಕಿತ್ತು. ಹೋಟೆಲಿನ ಪಾತ್ರೆಯಲ್ಲಿ ಭೇದ ಮಾಡುವುದು ಅಪರಾಧವೆಂದು 1955ರ ಅಸ್ಪೃಶ್ಯತಾ ಕಾಯ್ದೆ ಹೇಳಿತು. ಕೆಲವೆಡೆ ಆ ಗ್ಲಾಸಿನ ಜಾಗಕ್ಕೆ ಪ್ಲಾಸ್ಟಿಕ್ ಕಪ್ಪು ಬಂತು, ಭೇದ ಮಾತ್ರ ಹೋಗಲಿಲ್ಲ. ಹತ್ತಿ ಬಿಡಿಸಿ ದಣಿದು ಬಂದ ಹೆಂಗಸು ಆ ಬೆಂಚಿನ ಮೇಲೆ ಕೂತು "ಒಂದ ಚಾ ಕೊಡೋ ತಮ್ಮಾ" ಎಂದದ್ದನ್ನು ನಾನು ಕಂಡಿಲ್ಲ.

ಕಾಫಿ ಎಷ್ಟು ಸಮುದ್ರ ದಾಟಿತೆಂದು ನೂರಾರು ಪುಟ ತುಂಬಿಸುವ ಪಂಡಿತರೇ, ಅಂಗಳದಿಂದ ಬೆಂಚಿಗೆ ನಾಲ್ಕೇ ಹೆಜ್ಜೆ. ಅದನ್ನು ದಾಟಗೊಡದವರು ಯಾರೆಂದು ಒಂದು ಪುಟ ಬರೆಯಿರಿ. ಅದಕ್ಕೆ ಜರ್ಮನಿಯ ಚೌಕಟ್ಟು ಬೇಡ. ಹೊರಗೆ ಕೂತು ಕುಡಿದವರನ್ನು ಕೇಳಿ, ಹೆಸರು ಹಿಡಿದು ಹೇಳುತ್ತಾರೆ.