ಮನೆಗೊಂದು ಮುಖ ಬೇಕಂತೆ

ಪಾಂಡವಪುರ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ ನಮ್ಮ ತೊಟ್ಟಿಮನೆಗೆ ಹೇಳಿಕೊಳ್ಳುವಂಥ ಕಾಯಿಲೆ ಏನೂ ಇರಲಿಲ್ಲ. ಕಾಯಿಲೆ ಇದ್ದದ್ದು ಜಿಲ್ಲೆಗೆ. 2022ರ ನವೆಂಬರಿನಲ್ಲಿ ಆದಿಚುಂಚನಗಿರಿಯಲ್ಲಿ ಒಕ್ಕಲಿಗರ ವಧು-ವರರ ಸಮಾವೇಶ ನಡೆದಾಗ ಹುಡುಗರು 10,000ಕ್ಕೂ ಮಿಕ್ಕಿ ಬಂದಿದ್ದರು, ಹುಡುಗಿಯರು 250ರ ಆಸುಪಾಸು ಎಂದು ಪತ್ರಿಕೆಗಳಲ್ಲಿ ಬಂತು. ಮರುವರ್ಷ ಫೆಬ್ರವರಿಯಲ್ಲಿ ಮದ್ದೂರು ಕಡೆಯ ಹುಡುಗರು ಹೆಣ್ಣು ಸಿಗಲಪ್ಪಾ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ಈ ಎರಡು ಸುದ್ದಿ ಓದಿ ಮುಗಿಸಿದ ನನ್ನ ತಮ್ಮ ಪೇಪರು ಮಡಿಸಿಟ್ಟು ಮೊದಲು ಮಗನ ಮುಖ ನೋಡಿದ, ಆಮೇಲೆ ಮನೆಯ ಮುಖ ನೋಡಿದ. ಮಗನದನ್ನು ತಿದ್ದುವಂತಿರಲಿಲ್ಲ, ಅದು ವಂಶದಿಂದ ಬಂದದ್ದು.

ಮದುವೆ ದಲ್ಲಾಳಿಯೂ ಅದನ್ನೇ ಹೇಳಿದ್ದ. ‘ಹುಡುಗ ಚೆನ್ನಾಗವ್ನೆ, ವಿ.ಸಿ. ನಾಲೆ ನೀರಿನ ಗದ್ದೆ ಅದೆ, ಸಾಲ ಎಲ್ರಿಗೂ ಇರೋದೆ. ಆದ್ರೆ ಹೆಣ್ಣಿನ ಕಡೆಯೋರು ಕಾರಿಂದ ಇಳಿಯಕ್ಕೆ ಮುಂಚೆನೇ ಮನೆ ನೋಡ್ಬುಡ್ತಾರೆ. ಮುಂದ್ಗಡೆ ಒಂದು ಎಲಿವೇಷನ್ ಮಾಡುಸ್ಬುಡಿ ಗೌಡ್ರೆ, ಮಿಕ್ಕಿದ್ದು ನಾನು ನೋಡ್ಕತೀನಿ.’

ನಾನು ಮೇಷ್ಟರಾಗಿ ನಿವೃತ್ತನಾಗಿ ಮೈಸೂರಿನಲ್ಲಿರುವವನು. ಮೈಸೂರಿನಲ್ಲಿ ಕೂತವನಿಗೆ ಹಳ್ಳಿಯ ಮನೆಯ ಮೇಲೆ ಪ್ರೀತಿ ಹೆಚ್ಚು. ಪ್ರತಿ ಮಳೆಗಾಲಕ್ಕೂ ಮುಂಚೆ ಏಣಿ ಹಾಕಿಕೊಂಡು ಹೆಂಚು ಕೈಯಾಡಿಸುವವನಿಗೆ ಕಡಿಮೆ. ಆದ್ದರಿಂದ ತಮ್ಮ ಫೋನು ಮಾಡಿ ‘ಅಣ್ಣ, ಮನೆ ಮುಂಭಾಗ ಬದಲಾಯಿಸ್ಬೇಕು’ ಅಂದಾಗ ನಾನು ಪರಂಪರೆ, ಸಂಸ್ಕೃತಿ ಎಂದು ಶುರುಮಾಡಿದೆ. ಅವನು ಸಮಾಧಾನವಾಗಿ ಪೂರ್ತಿ ಕೇಳಿಸಿಕೊಂಡು, ‘ಸರಿ, ಸೋರೋ ಕಡೆ ನೀನು ಬಂದು ಮಲಿಕ’ ಅಂದ. ಪರಂಪರೆಯ ಚರ್ಚೆ ಅಲ್ಲಿಗೆ ಮುಗಿಯಿತು.

ಮನೆಯ ವಿವರ ಹೇಳಿಬಿಡುತ್ತೇನೆ. ತಾತ ಬೆಲ್ಲ ಮಾರಿದ ದುಡ್ಡಿನಲ್ಲಿ ಕಟ್ಟಿಸಿದ್ದು. ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ನಾಡಹೆಂಚು, ನಡುವೆ ತೊಟ್ಟಿ, ಮುಂದೆ ಉದ್ದಕ್ಕೆ ಜಗಲಿ, ಜಗಲಿಯ ಮೇಲೆ ಬೋದಿಗೆ ಹೊತ್ತ ಮರದ ಕಂಬಗಳು. ಬಾಗಿಲವಾಡ ಎಷ್ಟು ಗಿಡ್ಡವೆಂದರೆ ನಮ್ಮ ವಂಶದಲ್ಲಿ ಹಣೆಗೆ ಬುಗುಟು ಬೀಳದ ಅಳಿಯನಿಲ್ಲ.

ಒಂದು ವಿಚಿತ್ರ ಗಮನಿಸಿ. ತಮ್ಮನ ಹೆಂಡತಿ ಮದುವೆಯಾಗಿ ಬಂದಾಗಿನಿಂದ ಬಚ್ಚಲು ಸರಿಮಾಡಿಸಿ ಎಂದು ಕೇಳುತ್ತಲೇ ಇದ್ದಳು. ಅದಕ್ಕೆ ಯಾರೂ ಸಭೆ ಕರೆಯಲಿಲ್ಲ, ಯಾವ ನೆಂಟನೂ ಅಭಿಪ್ರಾಯ ಹೇಳಲಿಲ್ಲ. ಹೊರಗೋಡೆ ಎಂಬ ಮಾತು ಎದ್ದದ್ದೇ ತಡ, ಭಾನುವಾರ ಬಾಡೂಟಕ್ಕೆ ನಾಲ್ಕು ತಾಲ್ಲೂಕಿನ ನೆಂಟರು ಬಂದು ಜಗಲಿ ತುಂಬಿದರು. ಒಳಗಿನ ಗೋಡೆ ಇರುವವರದು, ಹೊರಗಿನದು ಊರವರದು.

ಕೆ.ಆರ್. ಪೇಟೆಯ ಸೋದರಮಾವ ಮೊದಲು ಮಾತು ತೆಗೆದರು. ಅವರ ಮನೆಯ ಮುಂದುಗಡೆಗೆ ಕಲ್ಲು ಅಂಟಿಸಿ ಎರಡು ವರ್ಷವಾಗಿದೆ, ಅಂದಿನಿಂದ ಜಿಲ್ಲೆಯ ಮನೆಗಳೆಲ್ಲ ಅವರಿಗೆ ಬರಿಮೈಯಲ್ಲಿ ನಿಂತು ಕಾಣುತ್ತವೆ. ‘ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನ ನೋಡಿದ್ದೀಯೇನಪ್ಪ? ತಳದಲ್ಲಿ ಆನೆ ಸಾಲು, ಮೇಲೆ ಕುದುರೆ, ಅದರ ಮೇಲೆ ರಾಮಾಯಣ, ಮಹಾಭಾರತ. ಎಲ್ಲಾ ಹೊರಗಡೆ! ಹೊಯ್ಸಳ್ರು 13ನೇ ಶತಮಾನದಲ್ಲೇ ಎಲಿವೇಷನ್ ಮಾಡ್ಸವ್ರೆ, ನಿಮಗೇನು ರೋಗ?’ ಅದೇ ದೇವಸ್ಥಾನದ ಒಳಗೆ ಕಡೆದ ಕಂಬಗಳೂ ಕೆತ್ತನೆಯ ಚಾವಣಿಗಳೂ ಇವೆ. ಅವು ಕಾರಿನಲ್ಲಿ ಕೂತವರಿಗೆ ಕಾಣುವುದಿಲ್ಲವಾದ್ದರಿಂದ ಮಾವ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಕ್ಕನನ್ನು ಕೊಟ್ಟಿರುವುದು ನಾಗಮಂಗಲಕ್ಕೆ. ಲೋಹದ ವಿಗ್ರಹ ಎರಕ ಹೊಯ್ಯುವುದರಲ್ಲಿ ಹೆಸರಾದ ಊರು. ಬಾಗಿಲಿಗೆ ಹಿತ್ತಾಳೆಯ ಸಿಂಹದ ಮುಖ, ಹಿತ್ತಾಳೆ ಗುಬುಟು, ಮೇಲೆ ಹಿತ್ತಾಳೆ ಗಜಲಕ್ಷ್ಮಿ ಹಾಕಿಸಿದರೆ ಬೇರೇನೂ ಬೇಡ ಎಂದಳು. ‘ವಾರವಾರ ಹುಣಸೆಹಣ್ಣು ಹಾಕಿ ತಿಕ್ಕೋರು ಯಾರತ್ಗೆ?’ ಎಂದು ಅಡುಗೆಮನೆಯಿಂದ ಪ್ರಶ್ನೆ ಬಂತು. ಸಿಂಹ ಅಲ್ಲೇ ಬಿತ್ತು.

ಶ್ರೀರಂಗಪಟ್ಟಣದಲ್ಲಿ ಅಂಗಡಿ ಇಟ್ಟಿರುವ ಚಿಕ್ಕಪ್ಪನ ಮಗ ಮಾತ್ರ ದೊಡ್ಡ ಮಟ್ಟದಲ್ಲಿ ಯೋಚಿಸುವವನು. ‘ದರಿಯಾ ದೌಲತ್ ಇದ್ದಂಗೆ ಗೋಡೆ ತುಂಬ ಚಿತ್ರ ಬರೆಸಣ ಕನಣ್ಣ’ ಎಂದ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಬೇಸಿಗೆ ಅರಮನೆಯ ಹೊರಗೋಡೆಯ ಮೇಲೆ 1780ರ ಪೊಳ್ಳಿಲೂರಿನ ಯುದ್ಧವಿದೆ; ಸೋತ ಬ್ರಿಟಿಷ್ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಬಂದವರಿಗೆ ಬಾಗಿಲಲ್ಲೇ ತಾನು ಯಾರೆಂದು ತಿಳಿಸುವ ಏರ್ಪಾಡು. ಆದರೆ ನನಗೆ ಆ ಗೋಡೆಯ ಆಮೇಲಿನ ಕಥೆಯೇ ಹೆಚ್ಚು ಇಷ್ಟ. 1799ರಲ್ಲಿ ಟಿಪ್ಪು ಮಡಿದ ಮೇಲೆ ಅಲ್ಲಿ ವಾಸಕ್ಕೆ ಬಂದವನು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೇ. ಅವನು ಗೋಡೆಯ ಚಿತ್ರಗಳನ್ನು ಸರಿಮಾಡಿಸಿದ. ಮತ್ತೆ ಕೆಟ್ಟಾಗ, 1850ರ ದಶಕದಲ್ಲಿ, ಗವರ್ನರ್ ಜನರಲ್ ಡಾಲ್‌ಹೌಸಿ ಹೊಸದಾಗಿ ಬರೆಸಿದ. ಸೋತವರ ಕಡೆಯವರೇ ಎರಡೆರಡು ಸಲ ಮುಂದೆ ನಿಂತು ತಮ್ಮ ಸೋಲಿಗೆ ಬಣ್ಣ ಬಳಿಸಿದ್ದಾರೆ! ಮನೆ ಕೈಗೆ ಬಂದಮೇಲೆ ಗೋಡೆಯ ಮೇಲೆ ಯಾರು ಗೆದ್ದರೆ ಏನು ಎಂದುಕೊಂಡರೋ ಏನೋ. ಈಗ ಬಿಸಿಲಿಗೆ ಮಾಸದಿರಲೆಂದು ಸುತ್ತ ಪರದೆ ಇಳಿಬಿಟ್ಟಿದ್ದಾರೆ. ಜಿಲ್ಲೆಯ ಅತಿ ಚೆಂದದ ಎಲಿವೇಷನ್ನು ದೂರದಿಂದ ನೋಡುವವನಿಗೆ ಕಾಣುವುದು ಪರದೆಯಾಗಿ.

‘ನಾವ್ಯಾವ ಯುದ್ಧ ಬರೆಸಣ?’ ಎಂದು ತಮ್ಮ ಕೇಳಿದ. ನಮ್ಮ ಮನೆತನ ಹೂಡಿದ ಒಂದೇ ಯುದ್ಧವೆಂದರೆ ಹಿತ್ತಲ ಬೇಲಿಯದು. ಅದು ಇನ್ನೂ ಕೋರ್ಟಿನಲ್ಲಿದೆ. ತೀರ್ಪು ಬರುವ ಮುಂಚೆ ಚಿತ್ರ ಬರೆಸಿದರೆ ನ್ಯಾಯಾಂಗ ನಿಂದನೆಯಾದೀತು ಎಂದು ಬಿಟ್ಟೆವು.

ಹಾಗೆ ನೋಡಿದರೆ ಹೊರಗಿನ ಬೋರ್ಡು ಬದಲಾಯಿಸುವುದು ನಮ್ಮ ಸೀಮೆಗೆ ಹೊಸದಲ್ಲ. ಹಿರೋಡೆ ಎಂಬ ಊರು ಫ್ರೆಂಚ್ ರಾಕ್ಸ್ ಆಗಿ, ಆಮೇಲೆ ಪಾಂಡವಪುರವಾಯಿತು. ಅತ್ತಿಗುಪ್ಪೆ ಕೃಷ್ಣರಾಜಪೇಟೆಯಾಯಿತು. ಒಳಗಿನ ಜನ ಕಬ್ಬು ಬೆಳೆದುಕೊಂಡು ಅವರ ಪಾಡಿಗೆ ಇದ್ದಾರೆ.

ಕೊನೆಗೆ ಪಟ್ಟಣದಿಂದ ಒಬ್ಬ ಎಂಜಿನಿಯರನ್ನು ಕರೆಸಿದೆವು. ಚಿಕ್ಕ ವಯಸ್ಸು, ದೊಡ್ಡ ಟೇಪು. ವಾರದೊಳಗೆ ಕಂಪ್ಯೂಟರಿನಲ್ಲಿ ತ್ರೀಡಿ ಚಿತ್ರ ಮಾಡಿ ತಂದ. ನಮ್ಮ ಮನೆಯೇನೋ ಇತ್ತು ಅನ್ನಿ, ಆದರೆ ಅದರ ಮುಂದೆ ಬೂದು ಬಣ್ಣದ ಪೆಟ್ಟಿಗೆಯೊಂದನ್ನು ನಿಲ್ಲಿಸಿ, ಅದಕ್ಕೆ ಎ.ಸಿ.ಪಿ. ಶೀಟು, ಗಾಜಿನ ರೇಲಿಂಗು, ಸ್ಪಾಟ್ ಲೈಟು ಹಾಕಲಾಗಿತ್ತು. ಜಗಲಿ ಇದ್ದಲ್ಲಿ ಪೋರ್ಟಿಕೊ, ಪೋರ್ಟಿಕೊದಲ್ಲಿ ಕೆಂಪು ಕಾರು. ಎದುರಿನ ತಿಪ್ಪೆಯ ಜಾಗದಲ್ಲಿ ಹುಲ್ಲುಹಾಸು. ಹುಲ್ಲುಹಾಸಿನ ಮೇಲೆ ಬಿಳಿ ನಾಯಿ ಹಿಡಿದು ನಡೆಯುವ ಯಾವಳೋ ಪ್ಯಾಂಟಿನ ಹೆಂಗಸು. ಅವ್ವ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ‘ಹೆಣ್ಣು ಲಕ್ಷಣವಾಗದೆ. ಎಮ್ಮೆ ಎಲ್ಲಿ ಕಟ್ಟೀರಿ?’ ಎಂದಳು. ಎಂಜಿನಿಯರಿಗೆ ಉತ್ತರ ತೋಚಲಿಲ್ಲ. ಅಂದಾಜು ಪಟ್ಟಿ ನೋಡಿ ತಮ್ಮನಿಗೂ ಏನೂ ತೋಚಲಿಲ್ಲ.

ಆದರೂ ಜಗಲಿ ಒಡೆಯುವುದಕ್ಕೆ ಒಂದು ನ್ಯಾಯವಾದ ಕಾರಣವಿತ್ತು. ನಮ್ಮ ಬೀದಿಗೆ ಚುನಾವಣೆಗೊಂದು ಸಲ ಸಿ.ಸಿ. ರಸ್ತೆ ಬರುತ್ತದೆ. ಹಳೆಯದನ್ನು ಕೀಳುವ ಪದ್ಧತಿಯಿಲ್ಲ, ಅದರ ಮೇಲೇ ಹೊಸದು. ನಾನು ಹುಡುಗನಾಗಿದ್ದಾಗ ಜಗಲಿಯಿಂದ ಬೀದಿಗೆ ಜಿಗಿಯಬೇಕಿತ್ತು. ಈಗ ಬೀದಿಯೇ ಎದ್ದುಬಂದು ಜಗಲಿಯ ಮೊಣಕಾಲು ಮುಟ್ಟಿದೆ. ಪ್ರಜಾಪ್ರಭುತ್ವ ಹೀಗೇ ಗಟ್ಟಿಯಾಗುತ್ತ ಹೋದರೆ ನಾವು ನೆಲಮಾಳಿಗೆಯಲ್ಲಿ ವಾಸವಾಗುತ್ತೇವೆ. ಶ್ರೀರಂಗಪಟ್ಟಣದಲ್ಲಿ 2017ರಲ್ಲಿ, ಜೋಡಿ ರೈಲುಹಳಿಗೆ ಅಡ್ಡ ಬಂದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಒಡೆಯದೆ, ಸುಮಾರು 1,000 ಟನ್ ತೂಕದ ಇಡೀ ಕಟ್ಟಡವನ್ನೇ ಎತ್ತಿ ನೂರು ಮೀಟರಿಗೂ ಆಚೆ ಸರಿಸಿ ಇಟ್ಟರು. ‘ನಮ್ಮದನ್ನೂ ಜಾಕಿ ಕೊಟ್ಟು ಎತ್ತುಸ್ಬುಡಣ’ ಎಂದು ಚಿಕ್ಕಪ್ಪನ ಮಗ ಉತ್ಸಾಹಪಟ್ಟ. ಮಣ್ಣಿನ ಗೋಡೆಗೆ ಜಾಕಿ ಕೊಟ್ಟರೆ ಜಾಕಿ ಒಂದೇ ಮೇಲೆ ಬರುತ್ತದೆ ಎಂದು ಮೇಸ್ತ್ರಿ ಹೇಳಿದ.

ಜಗಲಿ ಒಡೆಯುವ ಸುದ್ದಿ ಹೇಗೋ ಬೀದಿಗೆ ಬಿತ್ತು. ಮಾರನೆಯ ಬೆಳಿಗ್ಗೆ ಐದಾರು ಜನ ಮುದುಕರು ಬಂದು ಕೂತರು. ಎಲ್ಲಿ? ಜಗಲಿಯ ಮೇಲೇ. ಎಲೆಅಡಿಕೆ ಮೆಲ್ಲುತ್ತ ಅವರಲ್ಲೊಬ್ಬರು ಕೇಳಿದರು: ‘ಅಲ್ಲ ಕನ್ಲಾ, ನಮ್ ಜಗಲಿ ಒಡೆಯಕ್ಕೆ ನೀವ್ಯಾರು?’ ತಮ್ಮ ತಬ್ಬಿಬ್ಬಾದ. ಕಂದಾಯ ಕಟ್ಟುವವನು ಅವನು, ಖಾತೆ ಅವನ ಹೆಸರಲ್ಲಿದೆ. ಆದರೆ ಯೋಚಿಸಿದರೆ ಮುದುಕರ ವಾದದಲ್ಲಿ ಹುರುಳಿತ್ತು. ಆ ಜಗಲಿಯ ಮೇಲೆ ನಮ್ಮ ಮನೆಯವರು ಕೂತದ್ದಕ್ಕಿಂತ ಬಸ್ಸು ಕಾಯುವವರು, ದನದ ವ್ಯಾಪಾರಿಗಳು, ಮಳೆಗೆ ಸಿಕ್ಕಿದವರು, ಸೊಸೆಯ ಮೇಲೆ ಮುನಿಸಿಕೊಂಡ ಅತ್ತೆಯರು ಕೂತದ್ದು ಹೆಚ್ಚು. ಹಳೆಯ ಮನೆ ತನ್ನ ಮುಂಭಾಗವನ್ನು ಬೀದಿಯವರು ಕೂರಲೆಂದು ಕಟ್ಟಿಕೊಂಡಿತ್ತು. ನಾವು ಈಗ ಕಟ್ಟಹೊರಟದ್ದು ಅವರು ನಿಂತು ನೋಡಲೆಂದು, ಅದೂ ಗೇಟಿನ ಆಚೆಯಿಂದ. ದುಡ್ಡು ಎರಡಕ್ಕೂ ನಮ್ಮದೇ. ಜಗಲಿ ಉಳಿಯಿತು, ರಸ್ತೆಯ ಪಕ್ಕ ಒಂದು ಚರಂಡಿ ತೋಡಿ, ಅಂಚಿಗೆ ಚಪ್ಪಡಿ ಕಲ್ಲು ಕೂರಿಸಿ ನೀರು ತಿರುಗಿಸಿದೆವು.

ಇನ್ನು ಗೋಡೆ. ತಮ್ಮ ಆಗಲೇ ಸಿಮೆಂಟಿನ ಮೂಟೆ ಇಳಿಸಿದ್ದ. ಮೇಸ್ತ್ರಿ ಕರಣೆ ಕೆಳಗಿಟ್ಟ. ‘ಮಣ್ಣಿನ ಗೋಡೆಗೆ ಸಿಮೆಂಟು ಬಳಿಯೋದೂ ಒಂದೇ, ಬೇಸ್ಗೇಲಿ ಪ್ಲಾಸ್ಟಿಕ್ ಕೋಟು ತೊಡೋದೂ ಒಂದೇ ಮೇಷ್ಟ್ರೇ’ ಎಂದ. ಅವನ ವಿವರಣೆ ಸರಿಯಾಗಿತ್ತು. ಮಣ್ಣಿನ ಗೋಡೆ ನೆಲದಿಂದ ತೇವ ಎಳೆಯುತ್ತದೆ, ಗಾಳಿಗೆ ಬಿಡುತ್ತದೆ. ಮೇಲೆ ಸಿಮೆಂಟು ಮುಚ್ಚಿದರೆ ತೇವಕ್ಕೆ ದಾರಿಯಿಲ್ಲ. ಒಳಗೆ ಮಣ್ಣು ಮೆತ್ತಗಾಗುತ್ತದೆ, ಹೊರಗಿನ ಪದರ ಬಿಟ್ಟುಕೊಂಡು ಒಂದು ದಿನ ಹಲಗೆ ಹಲಗೆಯಾಗಿ ಕಳಚಿಬೀಳುತ್ತದೆ. ಸುಣ್ಣದ ಗಾರೆಗೆ ಆ ತೊಂದರೆಯಿಲ್ಲ. ‘ಸುಣ್ಣ ತಡ್ಯತದಾ?’ ಎಂದು ತಮ್ಮ ಅನುಮಾನಿಸಿದ. ‘ಕನ್ನಂಬಾಡಿ ಕಟ್ಟೆ ತಡ್ಕಂಡದೆ, ನಿನ್ ಗೋಡೆ ತಡ್ಯಕಿಲ್ವಾ?’ 1911ರಲ್ಲಿ ಶುರುವಾಗಿ 1932ರ ಹೊತ್ತಿಗೆ ಮುಗಿದ, ಎರಡೂವರೆ ಕಿಲೋಮೀಟರಿಗೂ ಉದ್ದದ ಆ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿರುವುದು ಸುಣ್ಣ ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಗಾರೆ. ಮಂಡ್ಯ ಜಿಲ್ಲೆಯಲ್ಲಿ ಕನ್ನಂಬಾಡಿಯ ಹೆಸರೆತ್ತಿದ ಮೇಲೆ ಎದುರುಮಾತಿಲ್ಲ. ಸಿಮೆಂಟಿನ ಮೂಟೆಗಳು ಬಚ್ಚಲ ಕಡೆ ತಿರುಗಿದವು. ಯಾರೋ ಅಡುಗೆಮನೆಯಲ್ಲಿ ನಕ್ಕ ಸದ್ದು ಕೇಳಿಸಿತು.

ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣದ ಕಲ್ಲು ಅರಳಿಸಿದೆವು. ನೀರು ಬಿಟ್ಟ ಕೂಡಲೇ ಬೆಂಕಿಯಿಲ್ಲದೆ ಕೊತಕೊತ ಕುದಿಯುವ ಅದನ್ನು ನೋಡಲು ಶಾಲೆಯ ಮಕ್ಕಳೆಲ್ಲ ಬಂದರು. ನಾನು ಅಷ್ಟು ವರ್ಷ ಪಾಠ ಮಾಡಿದರೂ ಅಷ್ಟು ಗಮನ ಗಳಿಸಿದವನಲ್ಲ. ಗಾರೆ ಕಲಸಲು ಬೆಲ್ಲ ಮತ್ತು ಅಳಲೆಕಾಯಿ ನೆನೆಸಿ ಹುಳಿಬಂದ ನೀರು ಬೇಕೆಂದ ಮೇಸ್ತ್ರಿ. ಆಲೆಮನೆಯಿಂದ ಅಚ್ಚುಬೆಲ್ಲ ಬಂತು. ‘ಗೋಡೆಗೆ ಬೆಲ್ಲ ತಿನ್ನುಸ್ತಿದ್ದೀರಿ, ನಂಗೆ ಮಾತ್ರ ಸಕ್ರೆ ಕಾಯ್ಲೆ ಅಂತೀರಿ’ ಎಂದು ಅವ್ವ ಒಂದು ತುಂಡು ಬಾಯಿಗೆ ಹಾಕಿಕೊಂಡಳು. ಕೆಲಸ ನಡೆದಷ್ಟು ದಿನ ಮೇಸ್ತ್ರಿಯ ಲೆಕ್ಕದಲ್ಲಿ ಬೆಲ್ಲ ಯಾವಾಗಲೂ ಸ್ವಲ್ಪ ಕಡಿಮೆಯೇ ಬರುತ್ತಿತ್ತು.

ಬಣ್ಣದ ಜಗಳ ದೊಡ್ಡದಾಗಬಹುದಿತ್ತು. ಮಾವ ಶೇಡ್ ಕಾರ್ಡು ತಂದು ನೇರಳೆ ತೋರಿಸಿದರು, ತಮ್ಮನ ಮಗ ಕಪ್ಪು-ಬೂದು ಎಂದ. ಸುಣ್ಣದ ಗೋಡೆಗೆ ಸುಣ್ಣವೇ ಬಣ್ಣ ಎಂದು ಮೇಸ್ತ್ರಿ ನೀಲಿ ಬೆರೆಸಿದ ಸುಣ್ಣ ಹೊಡೆದು, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದು ಮುಗಿಸಿಬಿಟ್ಟ. ಖರ್ಚು ಕೇಳಿ ಮಾವನಿಗೆ ಬೇಜಾರಾಯಿತು. ಅಷ್ಟು ಕಡಿಮೆ ಖರ್ಚಿನದನ್ನು ನೆಂಟರಿಗೆ ಹೇಗೆ ತೋರಿಸುವುದು?

ಹೆಣ್ಣಿನ ಕಡೆಯವರೂ ಬಂದರು. ಗಂಡಸರು ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತು, ಕೂತಲ್ಲೇ ಊರ ಮುದುಕರೊಂದಿಗೆ ಕಬ್ಬಿನ ರೇಟಿಗೆ ಇಳಿದರು. ಗೋಡೆಯ ಕಡೆ ಅವರ ಬೆನ್ನು. ಹುಡುಗಿಯ ತಾಯಿ ಮನೆಯ ಮುಖವನ್ನು ಕಣ್ಣೆತ್ತಿಯೂ ನೋಡದೆ ನೇರ ಒಳಗೆ ಹೋಗಿ, ‘ಬಚ್ಚಲು ಎಲ್ಲವ್ವ?’ ಎಂದು ಕೇಳಿದರು. ತಮ್ಮನ ಹೆಂಡತಿ ಹೊಸ ಬಚ್ಚಲಿನ ಲೈಟು ಹಾಕಿ ತೋರಿಸಿದ ಗತ್ತು ನೀವು ನೋಡಬೇಕಿತ್ತು. ಮಾತುಕತೆ ಇನ್ನೂ ನಡೆಯುತ್ತಿದೆ. ಹುಡುಗಿ ಮೈಸೂರಿನಲ್ಲಿ ಕೆಲಸ ಬಿಡುವುದಿಲ್ಲ ಅಂದಿದ್ದಾಳೆ, ಹುಡುಗ ಗದ್ದೆ ಬಿಡುವುದಿಲ್ಲ ಅಂದಿದ್ದಾನೆ, ನಡುವೆ ರೈಲಿದೆ ಎಂದು ದಲ್ಲಾಳಿ ಅಂದಿದ್ದಾನೆ.

ಉಳಿದಿರುವ ತೊಂದರೆ ಹೆಂಚಿನದು. ಮೇಲುಕೋಟೆಯಲ್ಲಿ ಪು.ತಿ.ನ. ಅವರ ಮನೆಯನ್ನು ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಕವಿ ಬಾಳಿದ ಮನೆಯಾದರೆ ನಾಲ್ಕು ಜನ ವಿಚಾರಿಸುತ್ತಾರೆ. ನಮ್ಮ ಮನೆಯಲ್ಲಿ ಹುಟ್ಟಿದವರೆಲ್ಲ ಕಬ್ಬು ಕಡಿದವರು. ಮಂಗಳೂರು ಹೆಂಚು ಬೇಕಾದಷ್ಟು ಸಿಗುತ್ತದೆ, 1865ರಲ್ಲಿ ಬಾಸೆಲ್ ಮಿಷನ್ನಿನವರು ಕಾರ್ಖಾನೆ ಹಾಕಿದಾಗಿನಿಂದ ಅದಕ್ಕೆ ಬರವಿಲ್ಲ. ಆದರೆ ನಾಡಹೆಂಚನ್ನು ತಿಗರಿಯ ಮೇಲೆ ಕೊಳವೆ ಎತ್ತಿ, ಉದ್ದಕ್ಕೆ ಸೀಳಿ, ಒಣಗಿಸಿ ಸುಡಬೇಕು. ನಮ್ಮ ಸುತ್ತಮುತ್ತ ಆ ಕೆಲಸ ಮಾಡುತ್ತಿದ್ದವರ ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದಾರೆ, ಹೆಂಚು ಒಡೆಯುವ ಕೋತಿಗಳು ಮಾತ್ರ ಊರಲ್ಲೇ ಇವೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಕಡೆ ಯಾರಾದರೂ ಎಲಿವೇಷನ್ ಮಾಡಿಸಲು ಹಳೆಯ ಮನೆ ಬಿಚ್ಚುತ್ತಿದ್ದರೆ ದಯವಿಟ್ಟು ಹೆಂಚನ್ನು ಗುಂಡಿಗೆ ಸುರಿಯಬೇಡಿ. ಹೇಳಿಕಳಿಸಿ, ತಮ್ಮ ಟ್ರ್ಯಾಕ್ಟರ್ ತೆಗೆದುಕೊಂಡು ಬರುತ್ತಾನೆ. ಇಳಿಸುವ ಕೂಲಿ ನಮ್ಮದು, ಬೆಲೆ ಸ್ವಲ್ಪ ನೋಡಿ ಹೇಳಿ.