ಅವರೋಹಣ ಮೀಮಾಂಸೆ ಅಥವಾ ಮುಂಬಯಿ ಎಫ್‌ಸಿಯ ಮೋಕ್ಷಪ್ರಾಪ್ತಿ

ಏರುವುದು ಯಾರಿಂದಲೂ ಆದೀತು, ಇಳಿಯುವುದಕ್ಕೆ ಸಾಧನೆ ಬೇಕು ಎಂಬುದು ಈ ಪ್ರಬಂಧದ ಪ್ರಮೇಯ. ಇದಕ್ಕೆ ಪ್ರತ್ಯಕ್ಷ ಪ್ರಮಾಣ ಮುಂಬಯಿಯ ಲೋಕಲ್ ಗಾಡಿ. ಚರ್ಚ್‌ಗೇಟಿನಲ್ಲಿ ವಿರಾರ್ ಫಾಸ್ಟ್ ಹತ್ತಲು ಎರಡು ಮೊಣಕೈ ಇದ್ದರೆ ಸಾಕು. ಅದೇ ಗಾಡಿಯಿಂದ ಅಂಧೇರಿಯಲ್ಲಿ ಇಳಿಯಬೇಕಾದವನು ದಾದರ್ ದಾಟುವಾಗಲೇ ಬಾಗಿಲ ಕಡೆಗೆ ಸರಿಯುತ್ತ, ಮುಂದಿದ್ದವನ ಬೆನ್ನು ತಟ್ಟಿ ‘ಅಂಧೇರಿ ಉತರ್ನಾ ಹೈ ಕ್ಯಾ?’ ಎಂದು ಜಿಜ್ಞಾಸೆ ನಡೆಸಬೇಕು. ಇಷ್ಟು ಮಾಡಿಯೂ ಎಷ್ಟೋ ಮುಮುಕ್ಷುಗಳು ಬೊರಿವಲಿಯವರೆಗೆ ಸಾಗಿಹೋಗುತ್ತಾರೆ. ನಗರದಲ್ಲಿ ದಿನಾ ಸಿದ್ಧವಾಗುವ ಈ ತತ್ತ್ವ ಫುಟ್‌ಬಾಲ್ ಪಂಡಿತರ ಕಣ್ಣಿಗೆ ಬೀಳದಿರಲು ಕಾರಣ, ಲೀಗ್ ಪಟ್ಟಿಯನ್ನು ಮೇಲಿನಿಂದ ಓದುವ ಅವರ ದುರಭ್ಯಾಸ. ಕೆಳಗಿನಿಂದ ಓದಿದರೆ 2016-17ರ ಐ-ಲೀಗಿನ ಹತ್ತು ತಂಡಗಳಲ್ಲಿ ಮೊದಲು ಸಿಗುವ ಹೆಸರೇ ಮುಂಬಯಿ ಎಫ್‌ಸಿ.

ಈ ಪದವಿ ಒಂದೇ ಋತುವಿನಲ್ಲಿ ದಕ್ಕಿದ್ದಲ್ಲ. 2007ರಲ್ಲಿ ಹುಟ್ಟಿದ ಕ್ಲಬ್ಬು 2008ರಲ್ಲಿ ಎರಡನೇ ಡಿವಿಷನ್ ಗೆದ್ದು ಮೇಲಕ್ಕೆ ಬಂತು. ಎಳವೆಯ ಚಾಪಲ್ಯ ಯಾರಿಗಿಲ್ಲ? ಆದರೆ 2009ರಿಂದ ಅದಕ್ಕೊಂದು ವಿಘ್ನ ಒದಗಿತು. ಆ ವಿಘ್ನದ ಹೆಸರು ಖಾಲಿದ್ ಜಮೀಲ್. ಕೋಚ್ ಆಗಿ ಸುಮಾರು ಏಳು ವರ್ಷ ಈತ ತಂಡವನ್ನು ಬೀಳದಂತೆ ಹಿಡಿದುಕೊಂಡೇ ಇದ್ದರು. ಯಾರೋ ಇಳಿಯಲು ಬಾಗಿಲಿಗೆ ಬಂದರೆ ಅಂಗಿ ಹಿಡಿದು ಒಳಗೆಳೆಯುವ ಸಹಪ್ರಯಾಣಿಕನ ಕೆಲಸವಿದು. 2016ರಲ್ಲಿ ಅವರನ್ನು ಕಳಿಸಿಕೊಟ್ಟ ಮೇಲೆ ಒಂದೇ ಋತು ಸಾಕಾಯಿತು. ಇನ್ನು ಸ್ಥಳಮಹಿಮೆ. ತಂಡದ ಮೈದಾನವಾಗಿದ್ದ ಕೂಪರೇಜಿನ ಹೆಸರು ಪೀಪಾಯಿ ಕಟ್ಟುವವರ ಕಾರ್ಖಾನೆಯಿಂದ ಬಂದದ್ದೆಂದು ನಿರುಕ್ತ ಹೇಳುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬುದು ನಮ್ಮ ಗಾದೆ. ಪೀಪಾಯಿಗೂ ಅದೇ ನ್ಯಾಯ. ಕೂಪರೇಜಿನ ಗ್ಯಾಲರಿಯಲ್ಲಿ ಕೆಲವೇ ಮಂದಿ ಹಳದಿ ಅಂಗಿಯ ಅಭಿಮಾನಿಗಳು ಡೋಲು ಬಡಿದರೂ ಅಷ್ಟು ದೊಡ್ಡ ಸದ್ದು ಏಕೆ ಬರುತ್ತಿತ್ತು ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇಲ್ಲಿ ಪೂರ್ವಪಕ್ಷದವರು ಎದ್ದು, ಗೆದ್ದವರೇ ಉಳಿಯುತ್ತಾರೆ, ಸೋತವರು ಅಳಿಯುತ್ತಾರೆ, ಇದರಲ್ಲಿ ಮೀಮಾಂಸೆ ಏನು ಬಂತು ಎನ್ನಬಹುದು. ಇದು ಮುಂಬಯಿಯ ಇತಿಹಾಸ ಓದದವರ ಮಾತು. ಮಹೀಂದ್ರಾ ಯುನೈಟೆಡ್ 2005-06ರಲ್ಲಿ ರಾಷ್ಟ್ರೀಯ ಲೀಗನ್ನೇ ಗೆದ್ದಿತು; 2010ರಲ್ಲಿ ಕಂಪನಿ ಬಾಗಿಲೆಳೆದಾಗ ಆ ಟ್ರೋಫಿ ಅಡ್ಡ ಬಂದು ನಿಲ್ಲಲಿಲ್ಲ. 1891ರಲ್ಲಿ ಆರಂಭವಾದ ಇದೇ ಊರಿನ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. ಅಂಥ ಕಪ್ಪು 2001ರ ಹೊತ್ತಿಗೆ ತಾನೇ ನಿಂತುಹೋಯಿತು. ಗೆದ್ದವರೂ ಹೋದರು, ಗೆಲ್ಲಬೇಕಾದ ಕಪ್ಪೂ ಹೋಯಿತು. ಅಂದಮೇಲೆ ಉಳಿವಿಗೂ ಗೆಲುವಿಗೂ ಕಾರ್ಯಕಾರಣ ಸಂಬಂಧವಿಲ್ಲ. ಇರುವ ಸಂಬಂಧ ಮಾಲೀಕನ ಚೆಕ್‌ಬುಕ್ಕಿನೊಂದಿಗೆ. ಅದು ಅರ್ಥಶಾಸ್ತ್ರಕ್ಕೆ ಸೇರಿದ್ದರಿಂದ ಇಲ್ಲಿ ಅಪ್ರಸ್ತುತ. ಮುಂಬಯಿ ಸಿಟಿ ಎಫ್‌ಸಿ ಇನ್ನೂ ಇದೆಯಲ್ಲ ಎನ್ನುವವರಿಗೆ ಉತ್ತರ: ಅದು ಆಡುವ ಐಎಸ್‌ಎಲ್‌ನ ಮೊದಲ ಹತ್ತು ಋತುಗಳಲ್ಲಿ ಯಾರೂ ಕೆಳಕ್ಕಿಳಿಯುವ ಪದ್ಧತಿಯೇ ಇರಲಿಲ್ಲ. ಬಾಗಿಲೇ ಇಲ್ಲದ ಡಬ್ಬಿಯಲ್ಲಿ ಕೂತವನಿಗೆ ಸೀಟು ಸಿಕ್ಕಿತೆಂದು ಅಸೂಯೆಪಡುವುದು ಅವಿವೇಕ.

ಪ್ರಮೇಯಕ್ಕೆ ಅತ್ಯಂತ ಬಲವಾದ ಸಾಕ್ಷಿ ದೂರದ ಮಿಜೋರಮ್ಮಿನಿಂದ ಬಂದಿದೆ. ಐಜ್ವಾಲ್ ಎಫ್‌ಸಿ 2015-16ರಲ್ಲಿ ಕೆಳಗಿಳಿಯಿತು. ಗೋವಾದ ಕ್ಲಬ್ಬುಗಳು ಲೀಗಿನಿಂದ ಹೊರನಡೆದದ್ದರಿಂದ ಅದಕ್ಕೆ ಮತ್ತೆ ಕರೆ ಬಂತು. ಆಗ ಅದು ಕರೆಸಿಕೊಂಡದ್ದು ಮುಂಬಯಿ ಬಿಟ್ಟ ಖಾಲಿದ್ ಜಮೀಲರನ್ನು. ಮುಂಬಯಿ ಎಫ್‌ಸಿಯಲ್ಲಿ ಆಡಿದ್ದ ಜಯೇಶ್ ರಾಣೆ, ಅಶುತೋಷ್ ಮೆಹ್ತಾ ಕೂಡ ಅಲ್ಲಿ ಸೇರಿಕೊಂಡರು. 2017ರ ಏಪ್ರಿಲ್ 30ರಂದು ಶಿಲ್ಲಾಂಗಿನಲ್ಲಿ 1-1ರ ಡ್ರಾ ಮಾಡಿಕೊಂಡು, ಮೋಹನ್ ಬಾಗಾನಿಗಿಂತ ಒಂದೇ ಅಂಕ ಮುಂದೆ ನಿಂತು ಐಜ್ವಾಲ್ ಚಾಂಪಿಯನ್ ಆಯಿತು. ಅದೇ ಪಟ್ಟಿಯ ತುತ್ತತುದಿಯಲ್ಲಿ ಮುಂಬಯಿ ಕಳಿಸಿದವರು, ತಳದಲ್ಲಿ ಮುಂಬಯಿ. ಒಬ್ಬ ಇಳಿದರೆ ತಾನೇ ಇನ್ನೊಬ್ಬನಿಗೆ ಜಾಗ? ಇಷ್ಟು ಉದಾರವಾಗಿ ಸೀಟು ಬಿಟ್ಟುಕೊಟ್ಟ ನಿದರ್ಶನ ಪಶ್ಚಿಮ ರೈಲ್ವೆಯಲ್ಲೂ ಇಲ್ಲ, ಮಧ್ಯ ರೈಲ್ವೆಯಲ್ಲೂ ಇಲ್ಲ. ಅಂದು ವಿಘ್ನವೆನಿಸಿದ ಖಾಲಿದ್ 2025ರ ಆಗಸ್ಟಿನಲ್ಲಿ ದೇಶದ ತಂಡಕ್ಕೇ ಕೋಚ್ ಆದರು.

ಕೊನೆಯ ಆಕ್ಷೇಪ ಗಟ್ಟಿಯಾದದ್ದು. ಇಳಿದ ಐಜ್ವಾಲ್ ಎದ್ದು ಬಂತು, ಇಳಿದ ಮುಂಬಯಿ ಎಫ್‌ಸಿ ಅದೇ ವರ್ಷ ಮುಚ್ಚಿಹೋಯಿತು; ಹಾಗಾದರೆ ಅವರೋಹಣದಿಂದ ಫಲವೇನು? ಫಲದಲ್ಲಿ ತಾರತಮ್ಯವುಂಟು ಎಂದು ಸಮಾಧಾನ. ಐಜ್ವಾಲಿಗೆ ಸಿಕ್ಕಿದ್ದು ಸ್ವರ್ಗ. ಪುಣ್ಯ ತೀರಿದ ಮೇಲೆ ಮತ್ತೆ ಪಾಯಿಂಟ್ಸ್ ಟೇಬಲ್ಲೆಂಬ ಮರ್ತ್ಯಲೋಕ ತಪ್ಪಿದ್ದಲ್ಲ. ಮುಂಬಯಿ ಎಫ್‌ಸಿಗೆ ಸಿಕ್ಕಿದ್ದು ಪುನರ್ಜನ್ಮವಿಲ್ಲದ ಮುಕ್ತಿ. 2022-23ರಲ್ಲಿ ಅದೇ ಊರಿನ ಮುಂಬಯಿ ಕೆಂಕ್ರೆಯೂ ಐ-ಲೀಗಿನಿಂದ ಇಳಿದು ಸಂಪ್ರದಾಯ ಬಿಡಲಿಲ್ಲ. ಮುಕ್ತಿ ಕ್ಲಬ್ಬಿಗಾಯಿತು ಸರಿ, ಬೂಟು ಚೀಲಕ್ಕೆ ತುಂಬಿಕೊಂಡು ಹೊರಬಿದ್ದ ಆಟಗಾರರಿಗೆ ಏನಾಯಿತು ಎಂದು ಕೇಳುವವರಿದ್ದಾರೆ. ಆತ್ಮ ಹೊರಟ ಮೇಲೆ ದೇಹದ ಸಂಬಳ ಕೇಳುವ ಪದ್ಧತಿ ವೇದಾಂತದಲ್ಲಿಲ್ಲ; ಕ್ಲಬ್ಬಿನ ಕರಾರಿನಲ್ಲಿ ಇದ್ದರೆ ಪಂಡಿತರು ತೋರಿಸಲಿ.